ಹನ್ನೆರಡು ಮಾತ್ರೆಯ ಚೀಟಿ

ಆಸ್ಪತ್ರೆಯ ಕಚೇರಿಯಲ್ಲಿ ಅವನ ಅಡ್ಡಹೆಸರು ‘ಒಂದೇಸಾಲು’. ಬೇರೆಯವರು ಮೌಸ್ ಹಿಡಿದು ದಿನವಿಡೀ ತಿಣುಕುವ ಕೆಲಸಕ್ಕೆ ಇವನು ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಕಮಾಂಡ್ ಬರೆದು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಸಿ, ಚಹಾ ಕುಡಿಯಲು ಎದ್ದುಬಿಡುತ್ತಿದ್ದ. ಕೆಲಸ ಗೊತ್ತಿತ್ತು, ಸುಳ್ಳಲ್ಲ. ಜಂಬ ಅದಕ್ಕಿಂತ ಒಂದು ಕೈ ಹೆಚ್ಚೇ ಇತ್ತು.

ಆ ವಾರ ತಪಾಸಣೆಯ ಕೋಣೆ 2ರಿಂದ 12ಕ್ಕೆ ಬದಲಾಯಿತು. ಕೋಣೆಯ ಸಂಖ್ಯೆಯೂ ನಮೂದಾಗಿರುವ ಆ ತಿಂಗಳ ರೋಗಿಗಳ ಔಷಧಿ ಚೀಟಿಗಳು ಮುನ್ನೂರು ಫೈಲುಗಳಲ್ಲಿದ್ದವು. ಎಲ್ಲದರಲ್ಲೂ 2 ಹುಡುಕಿ 12 ಹಾಕು ಎಂದು ಅವನು ಬರೆದ. 20, 32ರಂಥವು ಕೆಡದ ಹಾಗೆ ಒಂಟಿಯಾಗಿ ನಿಂತ 2 ಮಾತ್ರ ಸಿಗಲಿ ಎಂದು ಜಾಣತನವನ್ನೂ ತೋರಿಸಿದ. ಮೊದಲು ಒಂದು ಫೈಲಿನಲ್ಲಿ ಪರೀಕ್ಷಿಸುವುದು, ಹಳೆಯದರ ಪ್ರತಿ ತೆಗೆದಿಡುವುದು, ಇವೆಲ್ಲ ಹೊಸಬರ ಹೆದರಿಕೆ ಎಂದುಕೊಂಡು ಎಂಟರ್ ಒತ್ತಿದ.

ಸೋಮವಾರ ಬೆಳಿಗ್ಗೆ ಔಷಧಿ ಕೊಡುವವಳು ಮೊದಲ ಚೀಟಿಯನ್ನೇ ಹಿಡಿದು ಒಳಗೆ ಬಂದಳು. “ದಿನಕ್ಕೆ ಹನ್ನೆರಡು ಮಾತ್ರೆ ಅಂತಿದೆ! ಚೀಟಿ ತಂದ ಅಜ್ಜ ಬಾಯ್ಬಿಟ್ಟು ಕೇಳಿದ್ದಕ್ಕೆ ಬಚಾವಾದ್ವಿ. ಟೈಪ್ ಮಾಡಿದ್ಯಾರು ಇದನ್ನ?”

ಎಲ್ಲರೂ ಟೈಪಿಸ್ಟ್ ಅಕ್ಕನ ಕಡೆ ತಿರುಗಿದರು. ಇಪ್ಪತ್ತೇಳು ವರ್ಷದಿಂದ ಚೀಟಿಗಳೆಲ್ಲ ಅವರದೇ ಕೈ. ಹಿಂದಿನ ತಿಂಗಳಷ್ಟೇ ಅವರಿಗೆ ಕಣ್ಣಿನ ಆಪರೇಷನ್ ಆಗಿತ್ತು.

ಚೀಟಿ ನೋಡಿದ ಕೂಡಲೇ ಅವನಿಗೆ ತಿಳಿಯಿತು. ಮಾತ್ರೆಯ ಮುಂದಿನ 2 ಕೂಡ ಒಂಟಿಯಾಗಿಯೇ ನಿಂತಿತ್ತಲ್ಲ! ಬಾಯಿ ತೆರೆಯಬೇಕಾದ ಗಳಿಗೆ ಅದು. ಅವನು ತಲೆ ತಗ್ಗಿಸಿ, ಸುಮ್ಮನೆ ಕೀಲಿಮಣೆ ಕುಟ್ಟತೊಡಗಿದ.

“ನಾನೇ ಇರ್ಬೇಕು,” ಎಂದರು ಅಕ್ಕ. “ಕಣ್ಣು ಇನ್ನೂ ನೆಟ್ಟಗಿಲ್ಲ.”

12ನ್ನೆಲ್ಲ ಗುಟ್ಟಾಗಿ ಮತ್ತೆ 2 ಮಾಡೋಣವೆಂದು ಅವನು ಯೋಚಿಸಿದರೆ, ಮೊದಲಿಂದಲೂ 12 ಆಗಿದ್ದವೂ ಅದರ ಜೊತೆ ಹೋಗುತ್ತಿದ್ದವು. ಅಕ್ಕ ಡಾಕ್ಟರ ಕೈಬರಹವನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಚೀಟಿ ತಿದ್ದಲು ಕೂತರು. ಪ್ರತಿ ತಪ್ಪು ಸಿಕ್ಕಾಗಲೂ “ಅಯ್ಯೋ, ಇಲ್ಲೂ ಮಾಡಿದ್ದೀನಲ್ಲಪ್ಪಾ” ಎನ್ನುತ್ತಿದ್ದರು. ಅವನು ಎರಡು ಸಲ ಚಹಾ ತಂದುಕೊಟ್ಟ. “ನಿನ್ನ ಹೊಟ್ಟೆ ತಣ್ಣಗಿರ್ಲಿ,” ಎಂದು ಅವರು ಹರಸಿದರು. ಅಂಥ ನಾಚಿಕೆ ಅವನು ಹುಟ್ಟಿದಾಗಿನಿಂದ ಪಟ್ಟಿರಲಿಲ್ಲ. ಆದರೂ ಖಾಲಿ ಲೋಟ ಎತ್ತಿಕೊಂಡು ತನ್ನ ಕುರ್ಚಿಗೇ ಮರಳಿದ.

ಗುರುವಾರ ಅಕ್ಕ ಒಂದು ಕಾಗದ ಮಡಿಸುತ್ತಿದ್ದರು. ಟೈಪಿಂಗ್ ಕೆಲಸದಿಂದ ತನ್ನನ್ನು ಬಿಡಿಸಿ ಎಂಬ ಅರ್ಜಿ. ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

“ಕೊಡ್ಬೇಡಿ ಅಕ್ಕಾ. ನಿಮ್ಮ ತಪ್ಪಲ್ಲ ಅದು. ನಾನು ಬರೆದ ಕಮಾಂಡ್‌ನಿಂದ ಆಗಿದ್ದು.”

ಅಕ್ಕ ಕನ್ನಡಕ ತೆಗೆದರು. “ಯಾವತ್ತಿಂದ ಗೊತ್ತು ನಿಂಗೆ?”

“ಮೊದಲ್ನೇ ಚೀಟಿ ನೋಡಿದಾಗ್ಲೇ.”

ಅವರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

“ಮೊಮ್ಮಗಳಿಗೆ ಕಿವಿ ನೋವು,” ಎಂದರು. “ಹನಿ ಎಣಿಸಿ ಹಾಕೋಳು ನಾನೇ. ನನ್ನ ಕಣ್ಣು ನಂಬ್ಬೇಡ ಅಂತ ಸೋಮವಾರ ಸೊಸೆಗೆ ಹೇಳ್ಬಿಟ್ಟೆ. ಅಜ್ಜಿನೇ ಹಾಕ್ಬೇಕು ಅಂತ ಮಗು ಅಳುತ್ತೆ. ನಾನು ಬಾಗಿಲು ಹಾಕ್ಕೊಂಡು ಒಳಗೆ ಕೂತಿರ್ತೀನಿ.”

“ಈಗ್ಲೇ ಮ್ಯಾನೇಜರ್ ಹತ್ರ ಹೋಗಿ ಒಪ್ಕೋತೀನಿ ಅಕ್ಕಾ.”

“ಅವರಿಗೆ ಆಮೇಲೆ ಹೇಳು. ಮೊದ್ಲು ನಮ್ಮನೆಗೆ ಬಂದು ನನ್ನ ಸೊಸೆಗೆ ಹೇಳು. ನಾನು ಹೇಳಿದ್ರೆ ಅವಳಿನ್ನು ನಂಬಲ್ಲ.”