ಪ್ಲೇಆಫ್‌ಗೆ ಎಂಟು ಕಾಲೇಜು, ಗಳ ನಮ್ಮಪ್ಪನದು

ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದವರಿಗೇ ಬಗೆಹರಿಯದ ಕಾಲೇಜು ಫುಟ್‌ಬಾಲಿನ ಜಗಳವನ್ನು ಕಳೆದ ರವಿವಾರ ಬೆಳಗಾವಿಯ ಟಿಳಕವಾಡಿ ಮೈದಾನದಲ್ಲಿ ನಾನು ಬಗೆಹರಿಸಿಬಿಟ್ಟಿದ್ದೆ. ಹೆಚ್ಚುಕಡಿಮೆ.

ನಮ್ಮ ಟೂರ್ನಮೆಂಟಿನಲ್ಲಿ ಎಂಟು ಕಾಲೇಜು. ಬೆಳಗಾವಿ ಗುಂಪಿನಲ್ಲಿ ಐದು, ಖಾನಾಪುರ ಗುಂಪಿನಲ್ಲಿ ಮೂರು. ಪ್ಲೇಆಫ್‌ಗೆ ನಾಲ್ಕೇ ಜಾಗ: ಬೆಳಗಾವಿಗೆ ಮೂರು, ಖಾನಾಪುರಕ್ಕೆ ಒಂದು. ನಾವು ಖಾನಾಪುರದಲ್ಲಿ ಎರಡನೆಯವರು. ಅಂದರೆ ಮನೆಗೆ. ಆದರೆ ಗೋಲ್‌ಕೀಪರ್ ಆದ ನಾನು ಪ್ಲೇಆಫ್ ಆಡುತ್ತೇನೆಂದು ಖಾನಾಪುರದ ಬಸ್ಸಿನಲ್ಲಿ ಕಂಡಕ್ಟರನವರೆಗೆ ಎಲ್ಲರಿಗೂ ಹೇಳಿಯಾಗಿತ್ತು. ಜಾಗ ಸಿಗದಿದ್ದರೆ ನಾನು ಆ ಬಸ್ಸು ಹತ್ತುವಂತಿರಲಿಲ್ಲ.

ನನ್ನ ಮಾತಿಗೆ ಅಲ್ಲಿ ತೂಕವಿತ್ತು. ಮೈದಾನದ ಹಳೆಯ ಗೋಲ್‌ಪೋಸ್ಟ್ ತುಕ್ಕು ಹಿಡಿದು ಬಿದ್ದಾಗ ಹೊಸದನ್ನು ತಂದವನು ನಾನೇ. ನಮ್ಮಪ್ಪ ಮದುವೆಗಳಿಗೆ ಪೆಂಡಾಲ್ ಹಾಕುವವರು. ಅವರ ಬಿದಿರಿನ ಗಳಗಳನ್ನೇ ನೆಟ್ಟಿದ್ದೆವು. ಒಂದರ ತುದಿಯಲ್ಲಿ ಯಾವುದೋ ಮದುವೆಯ ಚೆಂಡುಹೂವಿನ ಸರ ಇನ್ನೂ ನೇತಾಡುತ್ತಿತ್ತು. ರವಿವಾರದ ತನಕ ಮಾತ್ರ ಎಂದಿದ್ದರು ಅಪ್ಪ.

ಪಂದ್ಯಗಳು ಮುಗಿದ ಮೇಲೆ ಮರದ ಕೆಳಗೆ ಸಭೆ ಸೇರಿತು. ಟೂರ್ನಮೆಂಟ್ ನಡೆಸುವವನು ಕೊರಳಲ್ಲಿ ಸೀಟಿ ಹಾಕಿಕೊಂಡ ಹಳೆಯ ಆಟಗಾರ, ನಾವೆಲ್ಲ ಅಣ್ಣ ಎನ್ನುತ್ತಿದ್ದವನು; ಅವನೇ ನಡುವೆ ಕುಳಿತ. ಅಮೆರಿಕದಲ್ಲೂ ಕಾಲೇಜುಗಳು ಹೀಗೇ ಗುಂಪು ಕಟ್ಟಿಕೊಂಡಿವೆ, ಯಾವ ಗುಂಪಿಗೆ ಎಷ್ಟು ಜಾಗ ಎಂದು ಕಿತ್ತಾಡುತ್ತವೆ, ನಾಲ್ಕಿದ್ದ ಪ್ಲೇಆಫ್ ಹನ್ನೆರಡಾದರೂ ಜಗಳ ನಿಂತಿಲ್ಲ ಎಂದು ನಾನು ಭಾಷಣ ಬಿಗಿದೆ. ಮೊಬೈಲಿನಲ್ಲಿ ವಿಡಿಯೊ ಬೇರೆ ತೋರಿಸಿದೆ.

“ಲೇ, ಇವರು ಬಾಲ್ ಕೈಯಾಗ ಹಿಡಕೊಂಡು ಓಡಾಕತ್ತಾರಲ್ಲೋ,” ಎಂದ ಬೆಳಗಾವಿ ಗುಂಪಿನ ಒಂದು ಟೀಮಿನ ಕ್ಯಾಪ್ಟನ್. “ಇದ್ಯಾವ ಫುಟ್‌ಬಾಲ್?”

ನನಗೂ ಗೊತ್ತಿರಲಿಲ್ಲ. ಆಟ ಬೇರೆ, ಜಗಳ ಒಂದೇ ಎಂದೆ.

ತಮ್ಮ ಗುಂಪಿನ ಕೊನೆಯ ಟೀಮೂ ನಮ್ಮ ಮೊದಲನೆಯದನ್ನು ಸೋಲಿಸುತ್ತದೆ ಎಂದು ಅವನ ವಾದ. ನಾವು ಆಡಿ ಕಲಿಯುವ ಇಳಿಜಾರಿನಲ್ಲಿ ಒಂದು ಕಿಕ್ ತಪ್ಪಿದರೆ ಚೆಂಡನ್ನು ಮೈಲಿಗಟ್ಟಲೆ ದೂರದ ಲೋಂಡಾ ಸ್ಟೇಷನ್ನಿಗೆ ಹೋಗಿ ಬಿಡಿಸಿಕೊಂಡು ಬರಬೇಕು, ಅದಕ್ಕೂ ಒಂದಿಷ್ಟು ಪಾಯಿಂಟ್ ಕೊಡಿ ಎಂದು ನನ್ನ ವಾದ. ಬೇಸತ್ತ ಅಣ್ಣ ಆರು ಜಾಗ ಮಾಡಿದ. ನಾನು ಕುಣಿದೆ. ಹೊರಗುಳಿದ ಎರಡು ಟೀಮಿನವರು ತಾವೇನು ಪಾಪ ಮಾಡಿದ್ದೆವೆಂದು ಕೇಳಿದರು. ಎಂಟಾಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಅದು ನಿಂತ ಮೇಲೆ ಅಣ್ಣ ತಲೆ ಕೆರೆದುಕೊಂಡ.

“ಇರೋವ ಎಂಟು ಟೀಮು. ಎಂಟೂ ಪ್ಲೇಆಫ್‌ಗೆ ಅಂದ್ರ, ಇಷ್ಟ ದಿನಾ ಆಡಿದ್ದು ಯಾಕ?”

ಗುಂಪಿನಲ್ಲಿ ಮೊದಲು ಬಂದವರಿಗೆ ಮೊದಲ ಸುತ್ತು ರಜೆ ಕೊಡೋಣವೆಂದ ಕ್ಯಾಪ್ಟನ್, ಕಡ್ಡಿಯಿಂದ ಮಣ್ಣಿನ ಮೇಲೆ ಗೆರೆ ಎಳೆದ. ಗೆರೆಗಳು ಸುತ್ತಿ ಬಳಸಿ, ನಮ್ಮ ಕಾಲೇಜು ನಮ್ಮ ವಿರುದ್ಧವೇ ಆಡುವಂತಾಯಿತು. ಅದಕ್ಕೂ ನಾನು ಒಪ್ಪಿದೆ. ಬಸ್ಸಿನವರಿಗೆ ಅಷ್ಟೆಲ್ಲ ವಿವರ ಬೇಕಿರಲಿಲ್ಲ. ಕೊನೆಗೆ ಎಂಟೇ ಗಟ್ಟಿ, ಮುಂದಿನ ವಾರ ಶುರು ಎಂದು ಅಣ್ಣ ಸೀಟಿಯನ್ನು ಬಾಯಿಗಿಟ್ಟ.

ಆಗಲೇ ಟೆಂಪೊ ಮೈದಾನದೊಳಗೆ ಬಂತು. ಅಪ್ಪ ಇಳಿದು ಸೀದಾ ಗೋಲ್‌ಪೋಸ್ಟಿನ ಹತ್ತಿರ ಹೋಗಿ ಗಳ ಅಲುಗಾಡಿಸಿದರು.

“ಕಾಕಾ, ಇನ್ನೊಂದು ವಾರ ಇರಲ್ರಿ,” ಎಂದ ಅಣ್ಣ. “ಈಗ ಎಂಟು ಟೀಮ್ ಆಗ್ಯಾವ್ರಿ.”

“ಎಂಟರ ಮಾಡ್ರಿ, ಎಂಬತ್ತರ ಮಾಡ್ರಿ. ನಾಳೆ ಹಿಂಡಲಗಾದಾಗ ಮದಿವಿ ಐತಿ,” ಎಂದರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿದರು. “ನೀ ಆ ಕಡೆ ತುದಿ ಹಿಡಿ.”

ಹಿಡಿದೆ.