ಫ್ರಿಜ್ಜಿನ ಮೇಲಿನ ಸಾಲು

ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಜವಾನನಾಗಿದ್ದ ಉಗ್ರಪ್ಪನ ಹೆಂಡತಿ ಭಾಗಮ್ಮನಿಗೆ ಫ್ರಿಜ್ಜಿನ ಆಸೆ ಎಂದೂ ಇರಲಿಲ್ಲ. ಅದು ಅವಳ ಮನೆಗೆ ಬಂದದ್ದು ಔಷಧಿಯ ಬೆನ್ನು ಹತ್ತಿ. ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯಲ್ಲಿ ಗಂಡನ ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗದೇ ಹೋಯಿತು. ಡಾಕ್ಟರು ಇನ್ಸುಲಿನ್ ಬರೆದುಕೊಟ್ಟು, ತಂಪಾದ ಜಾಗದಲ್ಲಿಡಿ ಎಂದರು. ಅರೇಹಳ್ಳಿಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅವಳ ಅಣ್ಣ ಕೃಷ್ಣಪ್ಪ, ತೋಟದ ಸಾಹುಕಾರರು ಹೊರಗೆ ಹಾಕಿದ ಹಳೇ ಫ್ರಿಜ್ಜೊಂದನ್ನು ಕೇಳಿ ಪಡೆದು, ಮೂಟೆ ಸಾಗಿಸುವ ಲಾರಿಯಲ್ಲಿ ಹೇರಿ ಕಳಿಸಿದ.

ಭಾಗಮ್ಮ ಅದನ್ನು ಹುಣಸೆಹಣ್ಣು ಹಚ್ಚಿ ಒರೆಸಿ, ಬಾಗಿಲಿಗೆ ಅರಿಶಿನ ಕುಂಕುಮ ಇಟ್ಟಳು. ಅನ್ನ, ಸಾರು, ಮೊಟ್ಟೆ, ಮಿಕ್ಕ ಮುಸುರೆಯೆಲ್ಲ ಕೆಳಗೆ. ದೇವರ ಹೂವು, ಅಭಿಷೇಕದ ಹಾಲು ಮೇಲೆ. ಜೀವ ಕಾಯುವ ಔಷಧಿಯನ್ನು ಮುಸುರೆಯ ಜೊತೆ ಇಡಲು ಅವಳ ಕೈ ಬರಲಿಲ್ಲ. ಇನ್ಸುಲಿನ್ ಸೀಸೆ ಮೇಲಿನ ಸಾಲಿಗೇ ಹೋಯಿತು, ಐಸು ಕಟ್ಟುವ ಪೆಟ್ಟಿಗೆಯ ಕೆಳಗೆ, ಹೂವಿನ ಪಕ್ಕ.

ಅವರಿದ್ದದ್ದು ಮರಿಯಣ್ಣನ ವಠಾರದ ಮೂರನೇ ಮನೆ. ಪ್ರತಿ ಮನೆಗೂ ಒಂದು ಸಣ್ಣ ಮೀಟರು. ತಿಂಗಳ ಕೊನೆಗೆ ಮರಿಯಣ್ಣನೇ ಕನ್ನಡಕ ಏರಿಸಿ ಓದುತ್ತಿದ್ದ. ಎರಡು ಬಲ್ಬು, ಒಂದು ಫ್ಯಾನಿನ ಮನೆಯಲ್ಲಿ ಎಪ್ಪತ್ತು ರೂಪಾಯಿ ದಾಟದ ಕರೆಂಟು ಆ ತಿಂಗಳು ಇನ್ನೂರ ಅರವತ್ತಕ್ಕೆ ಹೋಗಿತ್ತು.

"ಏನಮ್ಮಾ ಭಾಗಮ್ಮ, ಒಳಗೇನು ಗಾಣ ಹಾಕಿದ್ದೀಯಾ? ಮೀಟರ್ ಚಕ್ರ ನಿಂತಿದ್ದೇ ನೋಡ್ಲಿಲ್ಲ ನಾನು" ಎಂದ ಮರಿಯಣ್ಣ.

"ಅವ್ರ ಸೂಜಿ ಔಸ್ದಿ ಐತೆ ಕಣಣ್ಣ. ಏನ್ ಮಾಡ್ಲಿ?"

ಮರಿಯಣ್ಣ ಕೆಟ್ಟವನಲ್ಲ. ನಿಂತು ಯೋಚಿಸಿ ಒಂದು ಉಪಾಯ ಹೇಳಿಕೊಟ್ಟ. "ಒಂದ್ ಕೆಲ್ಸ ಮಾಡವ್ವ. ಬೆಳಗಾಗೆದ್ದು ಪ್ಲಗ್ ಕಿತ್ತಾಕು. ಸಂಜೆ ಹಾಕ್ದಾಗ ಒಳಗಡೆ ತಂಪು ಜಾಸ್ತಿ ಮಾಡೋ ತಿರುಪು ಐತಲ್ಲ, ಅದನ್ನ ಪೂರ್ತಿ ತಿರುಗ್ಸು. ಗಟ್ಟಿಯಾಗಿ ಐಸ್ ಕಟ್ಟಿದ್ರೆ ಮಾರನೇ ದಿನ ಸಂಜೆಗಂಟ ತಣ್ಣಗಿರ್ತದೆ. ನಮ್ಮ ಭಾವಮೈದನ ಮನೇಲಿ ಹಂಗೇ ಮಾಡೋದು."

ಹಾಗೇ ಮಾಡಿದಳು. ಮರುತಿಂಗಳು ಬಿಲ್ಲು ನೂರ ಎಂಬತ್ತಕ್ಕೆ ಇಳಿಯಿತು. ಭಾಗಮ್ಮ ಮರಿಯಣ್ಣನ ಮನೆಗೆ ಎರಡು ತೆಂಗಿನಕಾಯಿ ಕೊಟ್ಟುಬಂದಳು.

ಬೆಳಿಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ಸೀಸೆ ತೆಗೆಯುವಳು. ಕೆಲವು ದಿನ ಅದು ಕಲ್ಲಿನಂತೆ ಗಟ್ಟಿಯಾಗಿರುತ್ತಿತ್ತು. ತಂಪಾಗಿಡಿ ಎಂದದ್ದು ಇಷ್ಟು ಚೆನ್ನಾಗಿ ನಡೆದಿದೆಯಲ್ಲ ಎಂದು ಅವಳಿಗೆ ಸಮಾಧಾನ. ಸೂಜಿ ಹಾಕಲು ಕಲಿಸಿದ ನರ್ಸಮ್ಮ, ಸೀಸೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು ಎಂದಿದ್ದಳು. ಭಾಗಮ್ಮ ಕರಗುವವರೆಗೂ ಉರುಳಿಸುತ್ತಿದ್ದಳು, ಬಾಯಲ್ಲಿ ಜೇನುಕಲ್ಲು ಸಿದ್ದೇಶ್ವರನ ಹೆಸರು.

ಮೂರು ತಿಂಗಳಲ್ಲಿ ಉಗ್ರಪ್ಪನ ಸಕ್ಕರೆ ಇಳಿಯುವ ಬದಲು ಏರಿತು. ಬಲಗಾಲಿನ ಕಿರುಬೆರಳಿಗೆ ಚಪ್ಪಲಿ ಕಚ್ಚಿದ ಗಾಯ ಮಾಯಲೇ ಇಲ್ಲ. ದಿನವೂ ಸೂಜಿ ಚುಚ್ಚುತ್ತಿದ್ದರೂ ಹೀಗೆ ಎಂದರೆ ಭಾಗಮ್ಮನಿಗೆ ಹೊಳೆದದ್ದು ಒಂದೇ ಕಾರಣ.

"ಇಸ್ಕೂಲಲ್ಲಿ ಯಾರ್ದೋ ಹುಟ್ದಬ್ಬ ಅಂತ ಸ್ವೀಟು ಹಂಚ್ತಾರೆ. ನೀವು ತಿಂತೀರ. ನಿಜ ಹೇಳ್ರೀ."

"ಇಲ್ಲ ಕಣೇ. ಮುಟ್ಟಿಲ್ಲ ನಾನು."

"ಮತ್ತೆ ಸಕ್ಕರೆ ಎಲ್ಲಿಂದ ಬತ್ತದೆ? ಆಕಾಶದಿಂದ ಉದುರ್ತದಾ?"

"ಜೇನುಕಲ್ಲಪ್ಪನ ಆಣೆಗೂ ತಿಂದಿಲ್ಲ."

"ಬಾಯಿಚಪಲಕ್ಕೆ ದೇವ್ರನ್ಯಾಕೆ ಎಳೀತೀರ!" ಎಂದು ಅವಳು ಸಿಡುಕಿದಳು. ಅಂದಿನಿಂದ ಮುದ್ದೆ ಅರ್ಧವಾಯಿತು, ಅನ್ನ ನಿಂತಿತು. ಸಂಜೆ ಅವನು ಬಂದೊಡನೆ ಅಂಗಿಯ ಜೇಬು ಮುಟ್ಟಿ ನೋಡುವಳು. ಒಮ್ಮೆ ಪಕ್ಕದ ಮನೆಯ ಶ್ಯಾಮಲಾಳ ಎದುರಿಗೇ ನೋಡಿದಳು. ಉಗ್ರಪ್ಪ ಸುಮ್ಮನೆ ಎರಡೂ ಕೈ ಮೇಲೆತ್ತಿ ನಿಂತ. ಶ್ಯಾಮಲಾ ನಕ್ಕುಬಿಟ್ಟಳು, ಆಮೇಲೆ ತಲೆ ತಗ್ಗಿಸಿ ಹೊರಟುಹೋದಳು.

ಬೆರಳು ಕಪ್ಪಾದಾಗ ಹಾಸನದ ಆಸ್ಪತ್ರೆಗೆ ಹೋದರು. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಲೆಕ್ಕದಂತೆ ಇನ್ಸುಲಿನ್ ಹೋಗುತ್ತಿದೆ ಎಂದು ಭಾಗಮ್ಮ ಹೇಳಿದಾಗ ಆಕೆ ನಂಬಲಿಲ್ಲ. ಸೀಸೆ ತನ್ನಿ ಎಂದರು. ಭಾಗಮ್ಮ ಮರುದಿನ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಳು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು. ಒಳಗೆ ಒಡೆದ ಹಾಲಿನಂತೆ ಚೂರುಗಳು ತೇಲುತ್ತಿದ್ದವು.

"ಎಲ್ಲಿಡ್ತಿದ್ರಿ ಇದನ್ನ?"

"ಮೇಲ್ಗಡೆ ಕಣವ್ವ, ದೇವ್ರ ಹೂವಿನ ಜೊತೆ. ಮುಸುರೆ ಸೋಕ್ಬಾರ್ದು ಅಂತ."

"ಐಸ್ ಆಗ್ತಿತ್ತಾ?"

"ಕಲ್ಲಂಗಾಗ್ತಿತ್ತು" ಎಂದಳು ಭಾಗಮ್ಮ. ಹೇಳುವಾಗಲೂ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು.

ಡಾಕ್ಟರು ಬೈಯಲಿಲ್ಲ. ಒಮ್ಮೆ ಹೆಪ್ಪುಗಟ್ಟಿದರೆ ಇದರಲ್ಲಿ ಸತ್ವ ಉಳಿಯುವುದಿಲ್ಲ, ಇಷ್ಟು ದಿನ ಹೆಚ್ಚುಕಡಿಮೆ ನೀರನ್ನೇ ಚುಚ್ಚಿದಂತಾಗಿದೆ ಎಂದರು. ಐಸಿನಿಂದ ದೂರ, ಕೆಳಗಿಡಬೇಕಿತ್ತು. ದಿನವಿಡೀ ಒಂದೇ ಹದದ ತಂಪು ಸಾಕಿತ್ತು. ಹಾಗೆ ಹೇಳಿ, ಕಪ್ಪು ಪಕ್ಕದ ಬೆರಳಿಗೂ ಹಬ್ಬಿದ್ದರಿಂದ ಎರಡು ಬೆರಳು ತೆಗೆಯುವ ಒಪ್ಪಿಗೆ ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು.

ಬಟ್ಟೆ ತರಲು ಅವಳು ಊರಿಗೆ ಬಂದಾಗ ಮರಿಯಣ್ಣ ಬಾಗಿಲಲ್ಲೇ ಎದುರಾದ. "ಉಗ್ರಪ್ಪ ಹೆಂಗವ್ನೆ? ದುಡ್ಡು ಸಾಕಾಗ್ದಿದ್ರೆ ಹೇಳವ್ವ. ಕರೆಂಟಿಂದು ಆಮ್ಯಾಲ್ ಕೊಡು, ಹೆಂಗೂ ನಮ್ ಉಪಾಯದಿಂದ ಕಮ್ಮಿ ಬಂದೈತಲ್ಲ." ಒಳ್ಳೆಯ ಮನಸ್ಸಿನಿಂದ ಹೇಳಿದವನಿಗೆ ಏನೆಂದು ಹೇಳುವುದು? ಭಾಗಮ್ಮ ಒಳಗೆ ಹೋಗಿ ಪ್ಲಗ್ಗು ಹಾಕಿದಳು. ಇನ್ನು ಮೇಲೆ ಅದು ಹಗಲೂ ಇರುಳೂ ಓಡಲೇಬೇಕು, ಬಿಲ್ಲು ಎಲ್ಲಿಗಾದರೂ ಹೋಗಲಿ.

ಆಪರೇಷನ್ನಾದ ಮೂರನೇ ದಿನ ಮಧ್ಯಾಹ್ನ, ವಾರ್ಡಿನಲ್ಲಿ ಗಂಡನ ಮಂಚದ ಅಂಚಿಗೆ ಕೂತು ಅವಳು ಎಲ್ಲ ಹೇಳಿದಳು. ಸೀಸೆ, ಐಸು, ತಿರುಪು.

"ಹಂಗಾರೆ ನಾನು ತಿಂದಿರ್ಲಿಲ್ಲ ಅಂತ ಈಗ ಗೊತ್ತಾತಲ್ಲ" ಎಂದ ಉಗ್ರಪ್ಪ.

"ಗೊತ್ತಾತು ಕಣ್ರೀ."

"ಆಣೆ ಇಟ್ಟಿದ್ದೆ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಸಿಟ್ಟೋ ಸುಸ್ತೋ ತಿಳಿಯಲಿಲ್ಲ. ಕ್ಷಮಿಸಿ ಎಂಬ ಮಾತು ಆ ಮನೆಯಲ್ಲಿ ಎಂದೂ ಬಳಕೆಯಲ್ಲಿರಲಿಲ್ಲ. ಅವಳು ಬಟ್ಟೆ ಒದ್ದೆ ಮಾಡಿ, ಪಟ್ಟಿಗೆ ನೀರು ತಾಗದಂತೆ ಅವನ ಪಾದ ಒರೆಸತೊಡಗಿದಳು. ಮೂರು ಬೆರಳು ಉಳಿದಿದ್ದವು. ಪಟ್ಟಿಯ ಪಕ್ಕದ ಬೆರಳಿನ ತುದಿಯಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಔಷಧಿಯ ಕಲೆಯಿರಬೇಕೆಂದು ಉಜ್ಜಿದಳು. ಹೋಗಲಿಲ್ಲ. ಇನ್ನೊಮ್ಮೆ ಉಜ್ಜಿದಳು. ನೋವಾದೀತೇ ಎಂದು ಗಂಡನ ಮುಖ ನೋಡಿದರೆ, ಮುಟ್ಟಿದ್ದೇ ಅವನಿಗೆ ತಿಳಿದಿರಲಿಲ್ಲ.

ಭಾಗಮ್ಮ ಬಟ್ಟೆಯನ್ನು ಕೆಳಗಿಟ್ಟು ವಾರ್ಡಿನ ನರ್ಸಮ್ಮನನ್ನು ಕರೆಯಲು ಎದ್ದಳು.