ರೊಟ್ಟಿ ಹಿಟ್ಟಿಗೆ ಒತ್ತಿದ ಚೀನಾ ನಾಣ್ಯ

“ಇದು ದೇವರೋ, ಚೀನಾ ಮಾಲೋ? ಜಗಲಿ ಮ್ಯಾಲ ಇಡಬೇಕೋ ಬ್ಯಾಡೋ, ಈಗ ಹೇಳಿಬಿಡು,” ಎಂದು ಕುರುಗೋಡಿನ ನಮ್ಮ ದೊಡ್ಡಮ್ಮ ನಡುವೆ ಚೌಕ ತೂತಿದ್ದ ನಾಣ್ಯವನ್ನು ನನ್ನ ಮೂಗಿಗೇ ಹಿಡಿದಳು. ಅವಳು ದೇವರ ಜಗಲಿಯ ಮೇಲಿಟ್ಟು ಲಕ್ಷ್ಮಿಯೆಂದು ಪೂಜಿಸುತ್ತ ಬಂದದ್ದನ್ನು ಪಕ್ಕದ ಮನೆಯವರು ಚೀನಾದ್ದು ಎಂದುಬಿಟ್ಟಿದ್ದರು.

ಸವೆದ ಅಕ್ಷರಗಳು ಕಣ್ಣಿಗೆ ಹತ್ತಲಿಲ್ಲ. ಅವಳು ನಾದಿಟ್ಟಿದ್ದ ಜೋಳದ ಹಿಟ್ಟಿಗೆ ನಾಣ್ಯವನ್ನು ಒತ್ತಿ, ಆ ಅಚ್ಚಿನ ಫೋಟೋ ತೆಗೆದು, ಅಚ್ಚು ಉಲ್ಟಾ ಬೀಳುವುದರಿಂದ ಅದನ್ನು ಎಡಬಲ ತಿರುಗಿಸಿ, ಇಂಟರ್‌ನೆಟ್ಟಿನ ಚಿತ್ರಗಳೊಂದಿಗೆ ಹೋಲಿಸಿದೆ. ನಾಲ್ಕೂ ಅಕ್ಷರ ಹೊಂದಿದವು.

“ಚೀನಾದ ಸಾಂಗ್ ರಾಜರ ಕಾಲದ್ದು ದೊಡ್ಡಮ್ಮ. ಹೆಂಗ ಸವದೈತಿ ನೋಡು, ಸಾವಿರ ವರ್ಷದ್ದು!”

“ಸವೆಸಿದಾಕಿ ನಾನಲೇ! ಮದುವಿಯಾಗಿ ಬಂದಾಗಿಂದ ಶುಕ್ರವಾರಕ್ಕೊಮ್ಮೆ ಹುಣಸಿಹಣ್ಣು ಹಾಕಿ ತಿಕ್ಕೀನಿ. ಚೀನಾದಾಗ ಹುಟ್ಟಿದ್ರ ಏನಾತು? ಇಷ್ಟು ಹುಣಸಿಹಣ್ಣು ಕುಡದಾಕಿ ನಮ್ಮಾಕಿನ.”

ಲಕ್ಷ್ಮಿ ಮತ್ತೆ ಜಗಲಿ ಏರಿದಳು. ಅಚ್ಚಿದ್ದ ಹಿಟ್ಟು ರೊಟ್ಟಿಯಾಗಿ ಹಂಚು ಏರಿತು.

ಬಳ್ಳಾರಿಗೆ ಬಂದು ಫೋಟೋ ನೋಡಿದರೆ ಎರಡೇ ಅಕ್ಷರ ಕಾಣುತ್ತವೆ. ನಾಲ್ಕನ್ನೂ ನೋಡಿದ ನೆನಪು ನನಗೆ ಗಟ್ಟಿಯಾಗಿಯೇ ಇದೆ. ನನ್ನ ನೆನಪಿನ ಯೋಗ್ಯತೆಯೂ ನನಗೆ ಗೊತ್ತಿದೆ. ಪರೀಕ್ಷಿಸೋಣವೆಂದರೆ, ನಾಣ್ಯ ಕುರುಗೋಡಿನ ಜಗಲಿಯ ಮೇಲಿದೆ, ಅಚ್ಚಿನ ಸಾಕ್ಷಿಯನ್ನು ನಾನೇ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದಿದ್ದೇನೆ.